ಹಳಿ ಕಾಯುವವರ ಮನೆ

ಕೊಂಕಣ ರೈಲ್ವೆಗೆ ವರ್ಷಕ್ಕೆ ಎರಡು ವೇಳಾಪಟ್ಟಿ. ಅದರಲ್ಲೊಂದು ಮಳೆಗಾಲದ್ದು. ಬಹಳ ವರ್ಷ ಜೂನ್ 10ಕ್ಕೆ ಶುರುವಾಗಿ ಅಕ್ಟೋಬರ್ 31ಕ್ಕೆ ಮುಗಿಯುತ್ತಿದ್ದ ಈ ವೇಳಾಪಟ್ಟಿ 2025ರಲ್ಲಿ ಜೂನ್ 15ರಿಂದ ಅಕ್ಟೋಬರ್ 20ರವರೆಗೆ ಎಂದು ಬದಲಾಯಿತು. ಪ್ರಯಾಣಿಕರ ಮಟ್ಟಿಗೆ ಇದರ ಅರ್ಥ ಇಷ್ಟೇ: ರೈಲು ಹೊರಡುವ, ತಲುಪುವ ಹೊತ್ತು ಬೇರೆ, ಓಟ ನಿಧಾನ. ಆದರೆ ರೋಹಾದಿಂದ ತೋಕೂರಿನವರೆಗಿನ ಸುಮಾರು 740 ಕಿ.ಮೀ. ಹಳಿಯನ್ನು ನೋಡಿಕೊಳ್ಳುವವರ ಮನೆಗಳಲ್ಲಿ ಆ ದಿನದಿಂದ ಉಣ್ಣುವ ಹೊತ್ತು, ಮಲಗುವ ಹೊತ್ತು, ಬಾಗಿಲು ಹಾಕಿಕೊಳ್ಳುವ ಹೊತ್ತು ಎಲ್ಲವೂ ಬದಲಾಗುತ್ತದೆ. ಕೊಂಕಣ ರೈಲ್ವೆಯ ಸ್ಮರಣ ಸಂಚಿಕೆಗೆ ಬರೆಯುವುದೆಂದ ಮೇಲೆ ಸುರಂಗ, ಸೇತುವೆಗಳ ಅಳತೆ ಬಂದೇ ಬರುತ್ತದೆ. ಅದನ್ನು ನನಗಿಂತ ಚೆನ್ನಾಗಿ ಬರೆಯಬಲ್ಲವರಿದ್ದಾರೆ. ಕಾರವಾರ ರೀಜನ್ನಿನಲ್ಲಿ ಹಳಿಯ ಮೇಲ್ವಿಚಾರಕನಾಗಿ ದುಡಿದ ನಾನು ಬರೆಯಬೇಕಾದದ್ದು ಆ ಮನೆಗಳ ಬಗ್ಗೆ ಎಂದು ನನಗೆ ಅನಿಸಿದೆ. ರಾತ್ರಿ ಪಾಳಿಗೆ ಹೋದವನ ಲಕ್ಷ್ಯ ಹಳಿಯ ಮೇಲೆ ನಿಲ್ಲಬೇಕಾದರೆ ಅವನ ಮನೆಯ ಮಳೆಗಾಲವೂ ಸಂಸ್ಥೆಯ ತಯಾರಿಯ ಲೆಕ್ಕದೊಳಗೆ ಬರಬೇಕು. ನನ್ನ ಇಡೀ ನೌಕರಿ ಕಲಿಸಿದ್ದು ಇದನ್ನೇ.

ಕೊಂಕಣ ರೈಲ್ವೆ ನಿಗಮ ಹುಟ್ಟಿದ್ದು 1990ರ ಜುಲೈನಲ್ಲಿ. ಮಂಗಳೂರಿನ ಮಗ ಜಾರ್ಜ್ ಫರ್ನಾಂಡಿಸ್ ಆಗ ರೈಲ್ವೆ ಮಂತ್ರಿ, ಕೊಂಕಣದಿಂದಲೇ ಲೋಕಸಭೆಗೆ ಗೆದ್ದ ಮಧು ದಂಡವತೆ ಹಣಕಾಸು ಮಂತ್ರಿ. ಕೇಂದ್ರದ ಜತೆ ಮಹಾರಾಷ್ಟ್ರ, ಕರ್ನಾಟಕ, ಗೋವಾ, ಕೇರಳ ಪಾಲು ಹಾಕಿದವು. ಉಳಿದ ಹಣವನ್ನು ಬಾಂಡ್ ಮೂಲಕ ಸಾಲವಾಗಿ ಎತ್ತಲಾಯಿತು. ನಿಗಮದ ಮುಖ್ಯಸ್ಥರಾಗಿ ಇಂಜಿನಿಯರ್ ಇ. ಶ್ರೀಧರನ್ ಮುಂದೆ ನಿಂತರು. 1993ರ ಮಾರ್ಚ್‌ನಲ್ಲಿ ಮಂಗಳೂರು–ಉಡುಪಿ ನಡುವೆ ಮೊದಲ ಪ್ಯಾಸೆಂಜರ್ ಓಡಿತು. 1998ರ ಜನವರಿ 26ಕ್ಕೆ ಇಡೀ ಮಾರ್ಗ ತೆರೆಯಿತು. 91 ಸುರಂಗ, ಹೊನ್ನಾವರದಲ್ಲಿ ಎರಡು ಕಿಲೋಮೀಟರ್ ಮೀರಿದ ಶರಾವತಿ ಸೇತುವೆ – ಈ ಸಂಗತಿಗಳು ನಮ್ಮ ಕಡೆಯ ಶಾಲೆಯ ಮಕ್ಕಳಿಗೂ ಬಾಯಿಪಾಠ.

ಅಷ್ಟಾಗಿ ಯಾರೂ ಹೇಳದ ಒಂದು ಸಂಗತಿ ಇದೆ. ಹಳಿಗೆ ಜಮೀನು ಕೊಟ್ಟ ಮನೆಗಳವರಿಗೆ ನಿಗಮ ನೌಕರಿಯಲ್ಲಿ ಆದ್ಯತೆ ಕೊಟ್ಟಿತು. ತೆಂಗಿನ ತೋಟ, ಗೇಣಿಯಿಂದ ಬಿಡಿಸಿಕೊಂಡ ಗದ್ದೆ, ಅಜ್ಜನ ಕಾಲದ ಮನೆಯ ಹಿತ್ತಲು ಕಳೆದುಕೊಂಡವರ ಮಕ್ಕಳು ಅದೇ ಹಳಿಯ ಮೇಲೆ ಗ್ಯಾಂಗ್‌ಮನ್ ಆದರು, ಕೀಮನ್ ಆದರು, ಪಾಯಿಂಟ್ಸ್‌ಮನ್ ಆದರು. ಬೇರೆ ರೈಲ್ವೆಗಳಲ್ಲಿ ನೌಕರ ಒಂದು ಕಡೆ, ಅವನ ಊರು ಇನ್ನೆಲ್ಲೋ. ನಮ್ಮಲ್ಲಿ ಬಹಳ ಮಂದಿಗೆ ಹಳಿ ಮತ್ತು ಮನೆ ಒಂದೇ ಹೊಳೆಯ ದಂಡೆಯಲ್ಲಿ, ಒಂದೇ ಗುಡ್ಡದ ಬುಡದಲ್ಲಿ. ಹಾಗಾಗಿ ನೌಕರನನ್ನು ಕೆಲಸಕ್ಕೆ ಕರೆಯುವ ಮಳೆ, ಅದೇ ಗಳಿಗೆಯಲ್ಲಿ ಅವನ ಮನೆಯ ಅಂಗಳಕ್ಕೂ ನುಗ್ಗುತ್ತದೆ. ಕೊಂಕಣ ರೈಲ್ವೆಯ ಮಳೆಗಾಲದ ಕಷ್ಟವೆಲ್ಲ ಇಲ್ಲಿಂದಲೇ ಶುರು.

ನಮ್ಮ ನೆಲದ ಗುಣವನ್ನೂ ಹೇಳಬೇಕು. ಕರಾವಳಿಯಲ್ಲಿ ವರ್ಷಕ್ಕೆ 3,000 ಮಿ.ಮೀ. ಮೀರಿ ಮಳೆ ಬೀಳುತ್ತದೆ, ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಗುಡ್ಡ ಕಡಿದ ಜಾಗದಲ್ಲಿ ನಿಂತು ನೋಡಿದರೆ ಮೇಲೆ ಗಟ್ಟಿ ಮುರಕಲ್ಲು, ಅದರಡಿ ಬಿಳಿ–ಹಳದಿ ಮಿಶ್ರಿತ ಶೇಡಿ ಮಣ್ಣು. ಬೇಸಗೆಯಲ್ಲಿ ಶೇಡಿ ಮಣ್ಣಿಗೆ ಪಿಕಾಸಿ ಹಾಕಿದರೂ ಸುಲಭಕ್ಕೆ ಬಗ್ಗುವುದಿಲ್ಲ. ಆಷಾಢದಲ್ಲಿ ನಾಲ್ಕು ದಿನ ನೀರು ಕುಡಿದರೆ ಅದೇ ಮಣ್ಣು ಅಂಬಲಿಯಾಗಿ ಕಾಲುವೆಗೆ ಇಳಿಯುತ್ತದೆ, ಮೇಲಿನ ಮುರಕಲ್ಲು ಆಧಾರ ತಪ್ಪಿ ಕೆಳಗೆ ಕೂರುತ್ತದೆ. ರತ್ನಗಿರಿ ಕಡೆಯ ಕಷ್ಟ ಬೇರೆ. ಅಲ್ಲಿ ಕಪ್ಪುಬಂಡೆಯ ಸೀಳುಗಳಲ್ಲಿ ನೀರು ಹೊಕ್ಕು ಬಂಡೆ ಸಡಿಲವಾಗುತ್ತದೆ, ಒಮ್ಮೊಮ್ಮೆ ರೈಲಿಗೆ ಎದುರಾಗಿಯೇ ಬೀಳುತ್ತದೆ.

2003ರ ಜೂನ್ 22ರ ರಾತ್ರಿ ವೈಭವವಾಡಿ ಬಳಿ ಹಾಗೆಯೇ ಆಯಿತು. ಕಾರವಾರದಿಂದ ಮುಂಬೈಗೆ ಹೊರಟಿದ್ದ ಬೇಸಗೆ ರಜೆಯ ವಿಶೇಷ ರೈಲು ಹಳಿಗೆ ಬಿದ್ದಿದ್ದ ಬಂಡೆ–ಮಣ್ಣಿಗೆ ಬಡಿದು 50ಕ್ಕೂ ಹೆಚ್ಚು ಜನ ಸತ್ತರು. ನಮ್ಮ ಕಡೆಯಿಂದ ಹೊರಟ ರೈಲು ಅದು. ಹತ್ತಿಸಿ ಬಂದವರ ಮನೆಗಳಿಗೆ ಸುದ್ದಿ ಮುಟ್ಟಿದ್ದು ನಸುಕಿನಲ್ಲಿ. ಮರುವರ್ಷ 2004ರ ಜೂನ್ 16ರಂದು ಮಹಾಡದ ಹತ್ತಿರ ಕರಂಜಾಡಿಯಲ್ಲಿ ಮತ್ಸ್ಯಗಂಧ ಎಕ್ಸ್‌ಪ್ರೆಸ್ ಬಂಡೆಗೆ ಬಡಿದು ಸೇತುವೆಯಿಂದ ಉರುಳಿತು. ಎರಡು ಮಳೆಗಾಲ, ಎರಡು ದುರಂತ. ಆಮೇಲೆ ಸಂಸ್ಥೆ ಮಾಡಿದ ಕೆಲಸ ಕಡಿಮೆಯದ್ದಲ್ಲ. ಗುಡ್ಡದ ಇಳಿಜಾರನ್ನು ಕಡಿದು ತಗ್ಗಿಸಿದರು, ಬಂಡೆಗಳಿಗೆ ಉಕ್ಕಿನ ಬಲೆ ಹೊದಿಸಿದರು, ಸಿಮೆಂಟ್ ಸಿಂಪಡಿಸಿದರು, ಲಾವಂಚ ನೆಟ್ಟರು. ಜೋರು ಮಳೆಯಲ್ಲಿ ಮುಂದಿನ ದಾರಿ ಕಾಣದಿದ್ದರೆ ರೈಲನ್ನು ಗಂಟೆಗೆ 40 ಕಿ.ಮೀ.ಗೆ ಇಳಿಸಬೇಕೆಂಬ ನಿಯಮ ಬಂತು. ಆಯ್ದ ಸ್ಟೇಷನ್ನುಗಳಲ್ಲಿ ಮಳೆಮಾಪಕ ಕೂತವು – ನಮ್ಮ ಕಡೆ ಕಾರವಾರ, ಭಟ್ಕಳ, ಉಡುಪಿಯಲ್ಲಿ. ಮಹಾರಾಷ್ಟ್ರದ ಮಾಣಗಾಂವ್–ವೀರ್ ನಡುವಿನ ಕಾಳಿ ಸೇತುವೆಯಲ್ಲಿ ನೆರೆ ಎಚ್ಚರಿಕೆಯ ಉಪಕರಣ, ನಮ್ಮ ಕಡೆ ಶರಾವತಿ ಸೇತುವೆಯಲ್ಲಿ ಗಾಳಿಯ ವೇಗ ಅಳೆಯುವ ಉಪಕರಣ ಬಂದವು. ಹೆಚ್ಚುಕಡಿಮೆ ಕಿಲೋಮೀಟರಿಗೊಂದರಂತೆ ತುರ್ತು ಫೋನಿನ ಸಾಕೆಟ್ ಹಾಕಿದರು, ಗಸ್ತಿನವನು ಎಲ್ಲಿಂದಲಾದರೂ ಸ್ಟೇಷನ್ ಮಾಸ್ಟರಿಗೆ ಮಾತಾಡಲಿ ಎಂದು. ಮಳೆಗಾಲದಲ್ಲಿ ಹಳಿ ಕಾಯಲು ಇಡೀ ಮಾರ್ಗದಲ್ಲಿ ಈಗಲೂ 600ಕ್ಕೂ ಹೆಚ್ಚು ಜನ ನಿಲ್ಲುತ್ತಾರೆ.

ಉಪಕರಣಗಳು ಎಷ್ಟು ಬಂದರೂ ಕೊನೆಗೆ ಗುಡ್ಡದ ಬುಡದಲ್ಲಿ ಮನುಷ್ಯನೇ ನಡೆಯಬೇಕು. ಆ ನಡಿಗೆ ಹೇಗಿರುತ್ತದೆಂದು ಹೊರಗಿನವರಿಗೆ ಗೊತ್ತಿರುವುದಿಲ್ಲ, ಕೆಲವೊಮ್ಮೆ ಮನೆಯವರಿಗೂ. ಪ್ಯಾಟ್ರೋಲ್‌ಮನ್ ರಾತ್ರಿ ಹೊರಡುವಾಗ ರೇನ್‌ಕೋಟು, ಗಮ್‌ಬೂಟು, ಮೂರು ಬಣ್ಣದ ಟಾರ್ಚು, ಸೀಟಿ, ಕೆಂಪು–ಹಸಿರು ಬಾವುಟ, ಡಿಟೊನೇಟರಿನ ಡಬ್ಬಿ, ಫ್ಯೂಸಿ, ಪ್ಯಾಟ್ರೋಲ್ ಪುಸ್ತಕ ಎಲ್ಲ ಎತ್ತಿಕೊಳ್ಳಬೇಕು. ಡಿಟೊನೇಟರಿಗೆ ನಮ್ಮಲ್ಲಿ ಪಟಾಕಿ ಎಂದೇ ಹೆಸರು. ಹಳಿಯ ಮೇಲಿಟ್ಟರೆ ಚಕ್ರ ಹತ್ತಿದ ಕೂಡಲೇ ಸಿಡಿದು ಚಾಲಕನಿಗೆ ಅಪಾಯ ತಿಳಿಸುತ್ತದೆ. ಫ್ಯೂಸಿ ಹೊತ್ತಿಸಿದರೆ ಕೆಂಪಗೆ ಉರಿಯುತ್ತದೆ. ಹಳಿಗೆ ಮಣ್ಣು ಬಿದ್ದದ್ದು ಕಂಡರೆ ಮೊದಲು ಫ್ಯೂಸಿ ಹೊತ್ತಿಸಿ, ಓಡಿ, 600 ಮೀಟರಿನಲ್ಲಿ ಒಂದು ಪಟಾಕಿ, 1,200 ಮೀಟರಿನಲ್ಲಿ ಹತ್ತು ಹತ್ತು ಮೀಟರ್ ಅಂತರಕ್ಕೆ ಮೂರು ಪಟಾಕಿ ಇಡಬೇಕು. ನಮ್ಮದು ಹೆಚ್ಚಿನ ಕಡೆ ಒಂಟಿ ಹಳಿ. ಹಾಗಾಗಿ ರೈಲು ಎರಡು ದಿಕ್ಕಿನಿಂದಲೂ ಬರಬಹುದು, ಎರಡೂ ಕಡೆ ಕಾಯಬೇಕು. ಏನೂ ಆಗದ ರಾತ್ರಿಯೂ ಸುಮ್ಮನಿರುವಂತಿಲ್ಲ. ತನ್ನ ಪಾಲಿನ ಹಳಿ ಮುಗಿಸಿ, ಪಕ್ಕದ ಬೀಟಿನವನ ಕೈಗೆ ಪುಸ್ತಕ ಕೊಟ್ಟು, ಅವನ ಪುಸ್ತಕ ತೆಗೆದುಕೊಂಡು ವಾಪಸು ನಡೆಯಬೇಕು. ಸ್ಟೇಷನ್ ಮಾಸ್ಟರು ಪುಸ್ತಕದಲ್ಲಿ ಹೊತ್ತು ಬರೆದು ಸಹಿ ಹಾಕುತ್ತಾರೆ. ಬರಬೇಕಾದ ಹೊತ್ತಿಗೆ ಹದಿನೈದು ನಿಮಿಷ ಮೀರಿದರೂ ಗಸ್ತಿನವನು ಬರದಿದ್ದರೆ ಆ ಕಡೆ ಹೋಗುವ ರೈಲನ್ನು ನಿಲ್ಲಿಸಿ, ಎಚ್ಚರಿಕೆಯ ಚೀಟಿ ಕೊಟ್ಟೇ ಬಿಡಬೇಕು.

ಈ ಕೊನೆಯ ನಿಯಮವನ್ನು ನಾನು ಬಹಳ ಸಲ ಯೋಚಿಸಿದ್ದೇನೆ. ಒಬ್ಬ ಗ್ಯಾಂಗ್‌ಮನ್ ಹದಿನೈದು ನಿಮಿಷ ತಡವಾದರೆ ಸಾವಿರ ಜನ ಕೂತ ರೈಲು ನಿಲ್ಲುತ್ತದೆ. ಅಷ್ಟು ನಂಬಿಕೆ ಅವನ ಮೇಲೆ. ಅವನ ಮನೆಯಲ್ಲಿ ಅದೇ ಹೊತ್ತಿಗೆ ತೊಟ್ಟಿಲ ಮಗುವಿಗೆ ಜ್ವರ ಏರಿದ್ದರೆ, ಹಿತ್ತಲ ಬಾವಿಗೆ ಹೊಳೆನೀರು ಸೇರಿದ್ದರೆ, ಕರೆಂಟಿಲ್ಲದೆ ಹೆಂಡತಿಯ ಫೋನು ಆರಿಹೋಗಿದ್ದರೆ? ಅವನ ಕಣ್ಣು ಹಳಿಯ ಮೇಲಿದ್ದರೂ ಮನಸ್ಸು ಅಲ್ಲಿರುವುದಿಲ್ಲ. ಮಳೆಗಾಲದ ರಾತ್ರಿ ಪಾಳಿಗೆ ಮುಂಚೆ ನನಗೆ ಬರುತ್ತಿದ್ದ ಫೋನುಗಳಲ್ಲಿ ಹೆಚ್ಚಿನವು ಹೀಗೇ ಇರುತ್ತಿದ್ದವು: “ಸಾಹೇಬ್ರೆ, ಅಮ್ಮನಿಗೆ ದಮ್ಮು ಜಾಸ್ತಿಯಾಗಿದೆ. ಮನೇಲಿ ಇವಳೊಬ್ಬಳೇ. ಇವತ್ತೊಂದು ರಾತ್ರಿ ಬೇರೆ ಯಾರಿಗಾದ್ರೂ ಹಾಕ್ಲಿಕ್ಕೆ ಆಗ್ತದಾ?” ಬೇರೆ ಯಾರಿಗೆ ಹಾಕುವುದು? ಅವನ ಬದಲಿಗೆ ಬರಬೇಕಾದವನ ಮನೆಯೂ ಅದೇ ಮಳೆಯಲ್ಲಿ ನೆನೆಯುತ್ತಿರುತ್ತದೆ.

ಹಿಂದಿನ ಕಾಲದ ಕರಾವಳಿಯ ಮನೆಗೆ ಮಳೆಗಾಲದ ತಯಾರಿ ಹೇಳಿಕೊಡಬೇಕಾಗಿರಲಿಲ್ಲ. ವೈಶಾಖದಲ್ಲೇ ಹೆಂಚು ಕಳಚಿ ಒಡೆದದ್ದನ್ನು ಬದಲಿಸುತ್ತಿದ್ದರು, ಮಾಡಿನ ಸುತ್ತ ತೆಂಗಿನ ಮಡಲಿನ ತಟ್ಟಿ ಕಟ್ಟುತ್ತಿದ್ದರು. ಕಟ್ಟಿಗೆ ಕೊಟ್ಟಿಗೆಯ ಅಟ್ಟಕ್ಕೆ ಏರುತ್ತಿತ್ತು. ಕುಚ್ಚಲಕ್ಕಿ, ಹುರುಳಿ, ಒಣಮೀನು, ಉಪ್ಪಲ್ಲಿ ಹಾಕಿದ ಹಲಸಿನ ಸೊಳೆ, ಮಿಡಿ ಉಪ್ಪಿನಕಾಯಿ, ಹಪ್ಪಳ – ಎರಡು ತಿಂಗಳು ಪೇಟೆಯ ಮುಖ ನೋಡದಿದ್ದರೂ ಮನೆ ನಡೆಯುತ್ತಿತ್ತು. ದೊಡ್ಡಪ್ಪ, ಚಿಕ್ಕಪ್ಪ, ನೆರೆಯ ಮನೆಯವರು ಕೂಗಿದರೆ ಓಗೊಡುವಷ್ಟು ಹತ್ತಿರವಿದ್ದರು. ರೈಲ್ವೆ ಕ್ವಾರ್ಟರ್ಸಿಗೆ ಬಂದ ಚಿಕ್ಕ ಕುಟುಂಬಕ್ಕೆ ಇವು ಯಾವುದೂ ಇಲ್ಲ. ಗಂಡ ರಾತ್ರಿ ಪಾಳಿಗೆ ಹೋದರೆ ಹೆಂಡತಿ, ಎರಡು ಮಕ್ಕಳು, ಗೋಡೆಗಿಳಿದ ತೇವ. ಸ್ಟೇಷನ್ ಊರಿನಿಂದ ಎರಡು ಮೂರು ಕಿಲೋಮೀಟರ್ ದೂರದ ಗದ್ದೆಬಯಲಿನಲ್ಲಿದ್ದರೆ ರಾತ್ರಿ ರಿಕ್ಷಾ ಕರೆದರೂ ಬರುವುದಿಲ್ಲ.

ನಮ್ಮ ಸೆಕ್ಷನ್ನಿನಲ್ಲಿ ಮನೆಗಳ ತಯಾರಿ ಶುರುವಾದದ್ದು ರಾತ್ರಿ ಪಾಳಿಗೆ ಮುಂಚಿನ ಆ ಫೋನುಗಳಿಂದಲೇ. ಮೇ ತಿಂಗಳಲ್ಲಿ ಮಳೆಗಾಲಕ್ಕೆ ಮುಂಚಿನ ತಪಾಸಣೆ ಮುಗಿದ ಮೇಲೆ ಗ್ಯಾಂಗ್ ಹಟ್ಟಿನಲ್ಲಿ ಎಲ್ಲರೂ ಕೂರುವ ಪದ್ಧತಿ ಮೊದಲೇ ಇತ್ತು: ಯಾವ ಕಟಿಂಗಿನಲ್ಲಿ ನೀರು ನಿಲ್ಲುತ್ತದೆ, ಯಾವ ಮೋರಿಗೆ ಕಸ ಕಟ್ಟುತ್ತದೆ, ಯಾರಿಗೆ ಯಾವ ಬೀಟು. ಒಂದು ವರ್ಷ ಆ ಸಭೆಗೆ ಮನೆಯವರೂ ಬರಲಿ ಎಂದೆವು. ಹಟ್ಟಿನಲ್ಲಿ ಜಾಗ ಸಾಲದೆ ಸ್ಟೇಷನ್ನಿನ ಮಾಡಿನಡಿ ಚಾಪೆ ಹಾಕಿದೆವು. ಮೊದಲು ಅವರಿಗೆ ಗಸ್ತಿನ ಚೀಲ ಬಿಚ್ಚಿ ತೋರಿಸಿದೆವು. ಒಬ್ಬಾಕೆ ಫ್ಯೂಸಿಯನ್ನು ಕೈಯಲ್ಲಿ ಹಿಡಿದು ತಿರುವಿ ತಿರುವಿ ನೋಡಿ, “ಇದು ನಮ್ಮ ಮನೆಯ ಮೊಳೆಗೆ ಎಷ್ಟು ವರ್ಷದಿಂದ ನೇತಾಡ್ತಾ ಇದೆ, ಏನಂತ ನಾನು ಕೇಳಿದ್ದೇ ಇಲ್ಲ” ಎಂದರು. ಗಂಡ ರಾತ್ರಿಯಿಡೀ ಏನು ಮಾಡುತ್ತಾನೆಂದು ತಿಳಿದ ಮೇಲೆ ಮಾತು ಸುಲಭವಾಯಿತು. ಅವರ ಕಡೆಯಿಂದಲೂ ಮಾತು ಹೊರಟಿತು, ಅದು ನಮಗೆ ಗೊತ್ತಿಲ್ಲದ ಲೋಕ. ಯಾರ ಮನೆಯ ಹಿಂದೆ ಧರೆ ಬಿರುಕು ಬಿಟ್ಟಿದೆ, ಯಾರ ದಾರಿಯ ಕಾಲುಸಂಕ ಹೊಳೆ ಏರಿದರೆ ಮುಳುಗುತ್ತದೆ, ಯಾರ ಸೊಸೆಗೆ ಜುಲೈನಲ್ಲಿ ದಿನ ತುಂಬುತ್ತದೆ, ಯಾರ ಅಪ್ಪನಿಗೆ ಇನ್ಸುಲಿನ್ ಬೇಕು, ಫ್ರಿಜ್ ಇಲ್ಲದೆ ಅದನ್ನು ಎಲ್ಲಿಡುತ್ತಾರೆ. ಹಳಿಯ ಅಪಾಯದ ಜಾಗಗಳ ಪಟ್ಟಿ ನಮ್ಮಲ್ಲಿತ್ತು. ಅಂದಿನಿಂದ ಮನೆಗಳ ಪಟ್ಟಿಯೂ ಆಯಿತು.

ಆ ಪಟ್ಟಿ ಒಂದು ನೂರು ಪುಟದ ನೋಟುಬುಕ್ಕು, ಅಷ್ಟೇ. ಪ್ರತಿ ಮನೆಗೆ ಒಂದು ಪುಟ. ನೌಕರನದ್ದಲ್ಲದ ಎರಡು ಫೋನ್ ನಂಬರು, ಅದರಲ್ಲೊಂದು ನೆರೆಮನೆಯದ್ದು. ನೀರು ಬಂದರೆ ಯಾರ ಮನೆಗೆ ಹೋಗುವುದು, ಯಾವ ದಾರಿಯಿಂದ. ದಿನವೂ ಬೇಕಾದ ಮಾತ್ರೆ ಯಾವುದು. ರಾತ್ರಿ ಪಾಳಿಯಲ್ಲಿಲ್ಲದ ಯಾವ ಸಹೋದ್ಯೋಗಿ ಆ ಮನೆಗೆ ಮೊದಲು ಹೋಗಬಲ್ಲ. ಪಾಳಿ ಹಾಕುವಾಗ ಈ ಪುಸ್ತಕವನ್ನು ಮಗ್ಗುಲಲ್ಲಿಟ್ಟುಕೊಂಡರೆ ಒಂದೇ ಓಣಿಯ ಇಬ್ಬರು ಗಂಡಸರು ಒಂದೇ ರಾತ್ರಿ ಹೊರಗಿರದಂತೆ ನೋಡಿಕೊಳ್ಳಬಹುದು. ಇದಕ್ಕೆ ಯಾರ ಮಂಜೂರಾತಿಯೂ ಬೇಕಿರಲಿಲ್ಲ, ಕಾಸೂ ಖರ್ಚಾಗಲಿಲ್ಲ. ಆದರೆ ಪ್ರತಿ ಮೇ ತಿಂಗಳೂ ಹೊಸದಾಗಿ ಬರೆಯಬೇಕಿತ್ತು. ಹಳೆಯ ಪುಟದಲ್ಲಿ ತೀರಿಹೋದ ಅಜ್ಜಿಯ ಮಾತ್ರೆಯ ಹೆಸರು, ಬದಲಾದ ಫೋನ್ ನಂಬರು ಉಳಿದಿದ್ದರೆ ಅದು ಉಪಯೋಗಕ್ಕಿಲ್ಲ.

ಸಭೆಯಲ್ಲಿ ಹೇಳುತ್ತಿದ್ದದ್ದು ಯಾರಿಗೂ ಗೊತ್ತಿಲ್ಲದ ವಿದ್ಯೆಯೇನಲ್ಲ. ರೇಷನ್ ಕಾರ್ಡು, ಆಧಾರ್, ಜಮೀನಿನ ಪಹಣಿ, ಮಕ್ಕಳ ಅಂಕಪಟ್ಟಿ ಒಂದೇ ಪ್ಲಾಸ್ಟಿಕ್ ಚೀಲದಲ್ಲಿ, ಅಟ್ಟದ ಮೇಲೆ. ನೀರು ಬಾಗಿಲಿಗೆ ಬಂದರೆ ಮೊದಲು ಮೇನ್ ಸ್ವಿಚ್ ಆಫ್. ತುಂಡಾಗಿ ಬಿದ್ದ ತಂತಿಯ ಹತ್ತಿರ ಮಕ್ಕಳೂ ದನವೂ ಹೋಗಬಾರದು. ಮಳೆಯ ಮುನ್ಸೂಚನೆಯ ಬಣ್ಣಗಳನ್ನು ಮಾತ್ರ ಸ್ವಲ್ಪ ಬಿಡಿಸಿ ಹೇಳಬೇಕಿತ್ತು, ಏಕೆಂದರೆ ‘ರೆಡ್ ಅಲರ್ಟ್’ ಎಂದರೆ ಶಾಲೆಗೆ ರಜೆ ಎಂಬಷ್ಟೇ ಅರ್ಥ ಮನೆಗಳಲ್ಲಿ ಉಳಿದಿತ್ತು. 24 ಗಂಟೆಯಲ್ಲಿ 115 ಮಿ.ಮೀ. ಮೀರುವ ಮಳೆ ‘ಅತಿ ಭಾರಿ’, 204 ಮಿ.ಮೀ. ಮೀರಿದರೆ ‘ಅತ್ಯಂತ ಭಾರಿ’ ಎಂದು ಹವಾಮಾನ ಇಲಾಖೆ ವಿಂಗಡಿಸುತ್ತದೆ. ‘ಅತ್ಯಂತ ಭಾರಿ’ ಮಳೆಯ ಸೂಚನೆಯಾಗಿ ಕೆಂಪು ಬಣ್ಣ ಬಂದ ದಿನ ಹೊಳೆದಂಡೆಯ ಮನೆಯವರು ಕತ್ತಲಾಗುವ ಮುಂಚೆಯೇ ಎತ್ತರದ ಮನೆಗೆ ಹೋಗಿ ಮಲಗುವುದು ಲೇಸು. ಮಧ್ಯರಾತ್ರಿ ಮಕ್ಕಳನ್ನು ಎತ್ತಿಕೊಂಡು ಹೊರಡುವುದಕ್ಕಿಂತ. ಸಹಾಯಕ್ಕೆ 112, ಜಿಲ್ಲಾ ಕಂಟ್ರೋಲ್ ರೂಮಿಗೆ 1077 – ಈ ಎರಡು ನಂಬರನ್ನು ಬಾಗಿಲ ಹಿಂದೆ ಚಾಕ್‌ಪೀಸಿನಿಂದ ಬರೆಸುತ್ತಿದ್ದೆವು.

ಕಾಯಿಲೆಯ ಮಾತಿಗೆ ಹೆಚ್ಚು ಹೊತ್ತು ಕೊಡುತ್ತಿದ್ದೆ. ನಮ್ಮ ಜನರಿಗೆ ಮಳೆಗಾಲದಲ್ಲಿ ಬಂಡೆಗಿಂತ ಇಲಿಜ್ವರದ ಭಯ ಹೆಚ್ಚಿರಬೇಕಿತ್ತು, ಇರಲಿಲ್ಲ. ಮೋರಿಯ ಕೆಸರಿನಲ್ಲಿ ಗಾಯದ ಕಾಲಿಟ್ಟು ಕೆಲಸ ಮಾಡುವವರಿಗೆ ಅದು ಬೇಗ ತಗಲುತ್ತದೆ. ಮೊದಲು ಬರೀ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪು. ಗಂಡಸರು ಎರಡು ಪ್ಯಾರಾಸಿಟಮಾಲ್ ನುಂಗಿ ಪಾಳಿಗೆ ಬರುತ್ತಾರೆ. ನಾಲ್ಕನೇ ದಿನ ಕಣ್ಣು ಹಳದಿಯಾದಾಗ ಮೂತ್ರಪಿಂಡಕ್ಕೆ ಏಟು ಬಿದ್ದಿರುತ್ತದೆ. ಅದನ್ನು ಮೊದಲು ಗುರುತಿಸಬಲ್ಲವರು ಮನೆಯವರೇ. ಅದಕ್ಕೇ ಲಕ್ಷಣಗಳನ್ನು ಹೆಂಗಸರಿಗೆ ಹೇಳುತ್ತಿದ್ದೆವು. ತಡೆಗೆ ವಾರಕ್ಕೊಮ್ಮೆ ನುಂಗುವ ಡಾಕ್ಸಿಸೈಕ್ಲಿನ್ ಬೇಕೇ ಬೇಡವೇ ಎಂದು ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರರನ್ನೇ ಕರೆಸಿ ಕೇಳಿಸುತ್ತಿದ್ದೆವು. ಹಾವಿನ ವಿಷಯವೂ ಹಾಗೆಯೇ. ಜಲ್ಲಿಯ ಬದಿಯ ಹುಲ್ಲಿನಲ್ಲಿ ಕೊಳಕು ಮಂಡಲ ಇರುತ್ತದೆ. ಕಚ್ಚಿದರೆ ನಾಟಿ ಔಷಧಿ, ಕಟ್ಟು, ಕೊಯ್ತ ಯಾವುದೂ ಬೇಡ, ಕಾಲು ಅಲ್ಲಾಡಿಸದೆ ಸೀದಾ ಆಸ್ಪತ್ರೆಗೆ. ಹತ್ತಿರದ ಯಾವ ಆಸ್ಪತ್ರೆಯಲ್ಲಿ ವಿಷನಿರೋಧಕ ಚುಚ್ಚುಮದ್ದು ಇದೆ ಎಂಬುದನ್ನು ಮೇ ತಿಂಗಳಲ್ಲೇ ಕೇಳಿ ಬರೆದಿಟ್ಟುಕೊಳ್ಳುತ್ತಿದ್ದೆವು.

2021ರಲ್ಲಿ ಈ ತಯಾರಿ ಎಷ್ಟು ಬೇಗ ಶುರುವಾಗಬೇಕೆಂದು ತಿಳಿಯಿತು. ಮಳೆಗಾಲದ ವೇಳಾಪಟ್ಟಿಗೆ ಇನ್ನೂ ಮೂರು ವಾರ ಇರುವಾಗಲೇ, ಮೇ ಮಧ್ಯದಲ್ಲಿ, ತೌಕ್ತೆ ಚಂಡಮಾರುತ ಕರಾವಳಿಯುದ್ದಕ್ಕೂ ಮನೆಗಳ ಮಾಡು ಹಾರಿಸಿತು. ಜುಲೈ 22–23ಕ್ಕೆ ವಶಿಷ್ಠಿ ನದಿ ಉಕ್ಕಿ ಚಿಪ್ಳೂಣ ಮುಳುಗಿತು, ರೈಲುಗಳು ನಿಂತವು, ಸಾವಿರಾರು ಪ್ರಯಾಣಿಕರು ಸ್ಟೇಷನ್ನುಗಳಲ್ಲಿ ಉಳಿದರು. ಅವೇ ಎರಡು ದಿನ ನಮ್ಮ ಕಾಳಿ ನದಿಯೂ ಏರಿತು. ಕದ್ರಾ ಅಣೆಕಟ್ಟಿನಿಂದ ನೀರು ಬಿಟ್ಟಾಗ ಕದ್ರಾ, ಮಲ್ಲಾಪುರ ಕಡೆಯ ಮನೆಗಳಿಗೆ ನೀರು ನುಗ್ಗಿತು. ಯಲ್ಲಾಪುರದ ಗುಡ್ಡಗಳು ಜರಿದವು. ಪತ್ರಿಕೆಯಲ್ಲಿ ನಿಂತ ರೈಲುಗಳ ಸುದ್ದಿ ದೊಡ್ಡದಾಗಿ ಬಂತು. ಆ ಪ್ರಯಾಣಿಕರಿಗೆ ಚಹಾ, ತಿಂಡಿ, ಬಸ್ಸಿನ ವ್ಯವಸ್ಥೆಗೆ ಓಡಾಡುತ್ತಿದ್ದ ಸ್ಟೇಷನ್ ನೌಕರರಲ್ಲಿ ಕೆಲವರ ಮನೆಯೊಳಗೂ ಅದೇ ಹೊತ್ತಿಗೆ ನೀರು ಇರುತ್ತದೆಂಬುದು ಯಾರ ಗಮನಕ್ಕೂ ಬರುವುದಿಲ್ಲ. ಬರಬೇಕೆಂದು ಅವರೂ ಕೇಳುವುದಿಲ್ಲ.

2024ರ ಜುಲೈ 16ರಂದು ಅಂಕೋಲದ ಶಿರೂರಿನಲ್ಲಿ ಹೆದ್ದಾರಿಯ ಬದಿಯ ಗುಡ್ಡ ಕುಸಿದು ಚಹಾದಂಗಡಿಯ ಕುಟುಂಬವೂ ಲಾರಿಯವರೂ ಮಣ್ಣಿನಡಿ ಹೋದರು, ಎದುರು ದಡದ ಮನೆಗಳಿಗೂ ಗಂಗಾವಳಿಯ ನೀರು ಅಪ್ಪಳಿಸಿತು. ಗುಡ್ಡ ಜರಿದದ್ದು ಒಂದು ಕಡೆ, ನೀರು ಹೊಡೆದದ್ದು ಹೊಳೆಯಾಚೆ. ಅದಾದ ಮೇಲೆ ಮನೆಗಳ ಪಟ್ಟಿಯಲ್ಲಿ ‘ಮನೆಯ ಹಿಂದಿನ ಧರೆ’ ಎಂಬ ಸಾಲಿನ ಜತೆಗೆ ‘ಹೊಳೆಯ ಆಚೆ ದಡದಲ್ಲಿ ಏನಿದೆ’ ಎಂಬುದನ್ನೂ ಬರೆಯಿರಿ ಎಂದು ಈಗ ಕೆಲಸದಲ್ಲಿರುವ ಹುಡುಗರಿಗೆ ಹೇಳಿದ್ದೇನೆ.

ಅವರಿಗೆ ಹೇಳಬೇಕಾದದ್ದು ಇನ್ನೂ ಎರಡಿದೆ. ಹಳಿಯ ಕೆಲಸಕ್ಕೆ ಈಗ ಹೆಣ್ಣುಮಕ್ಕಳೂ ಬರುತ್ತಿದ್ದಾರೆ. ನಮ್ಮ ನೋಟುಬುಕ್ಕಿನ ಪ್ರತಿ ಪುಟವೂ ಗಂಡ ಹೊರಗೆ, ಹೆಂಡತಿ ಮನೆಯಲ್ಲಿ ಎಂದು ಹಿಡಿದು ಬರೆದದ್ದು. ತಾಯಿಯೇ ಪಾಳಿಗೆ ಬಂದ ರಾತ್ರಿ ಶಾಲೆಗೆ ರಜೆ ಸಾರಿದರೆ, ಮರುದಿನ ಬೆಳಿಗ್ಗೆ ಮಕ್ಕಳನ್ನು ನೋಡುವವರು ಯಾರು ಎಂಬ ಸಾಲು ಅದರಲ್ಲಿಲ್ಲ. ಅದನ್ನು ಸೇರಿಸಬೇಕು, ಆ ಸಾಲನ್ನು ತುಂಬುವ ಕೆಲಸಕ್ಕೆ ಸ್ಟೇಷನ್ನಿನ ಉಳಿದ ಮನೆಗಳು ಮುಂದೆ ಬರಬೇಕು.

ಎರಡನೆಯದು ಗುತ್ತಿಗೆಯವರದ್ದು. ಮಳೆಗಾಲಕ್ಕೆಂದು ಆಯಕಟ್ಟಿನ ಜಾಗಗಳಲ್ಲಿ ಮಣ್ಣು ತೆಗೆಯುವ ಯಂತ್ರಗಳನ್ನು ತಂದು ನಿಲ್ಲಿಸುತ್ತಾರೆ. ಅದರ ಚಾಲಕರು, ಚರಂಡಿ ಬಿಡಿಸುವ, ಕಲ್ಲು ಕಟ್ಟುವ ಕೂಲಿಯವರು ಬಯಲುಸೀಮೆಯಿಂದಲೋ ಹೊರರಾಜ್ಯದಿಂದಲೋ ಹೆಂಡತಿ ಮಕ್ಕಳ ಸಮೇತ ಬರುತ್ತಾರೆ. ನಮ್ಮ ಮಳೆ ಎಂಥದೆಂದು ಅವರಿಗೆ ಗೊತ್ತಿಲ್ಲ. ಸಮತಟ್ಟಾದ ಜಾಗ ಸಿಕ್ಕಿತೆಂದು ಧರೆಯ ಬುಡದಲ್ಲೇ ತಗಡಿನ ಶೆಡ್ ಹಾಕಿಕೊಳ್ಳುತ್ತಾರೆ. ಯಾವ ಧರೆಯಿಂದ ರೈಲನ್ನು ಕಾಪಾಡಲು ಬಂದರೋ ಅದರಡಿಯಲ್ಲೇ ಅವರ ಮಕ್ಕಳು ಮಲಗಿರುತ್ತಾರೆ. ಮೇ ತಿಂಗಳ ತಪಾಸಣೆಗೆ ಹಳಿಯುದ್ದಕ್ಕೂ ನಡೆಯುವ ಇಂಜಿನಿಯರರು ಆ ಶೆಡ್ಡುಗಳ ಮುಂದೆಯೂ ನಿಂತು, ಜಾಗ ಸರಿಯಿಲ್ಲದಿದ್ದರೆ ಮೊದಲ ಮಳೆಗೆ ಮುಂಚೆ ಬೇರೆಡೆಗೆ ಸರಿಸಬೇಕು. ಆ ಕುಟುಂಬಗಳಿಗೂ ನೋಟುಬುಕ್ಕಿನಲ್ಲಿ ಒಂದೊಂದು ಪುಟ ಇರಬೇಕು. ಅವರ ಭಾಷೆಯಲ್ಲಿ ಮಾತಾಡಬಲ್ಲ ಒಬ್ಬರ ಹೆಸರು, ನಂಬರು ಆ ಪುಟದ ಮೊದಲ ಸಾಲಿನಲ್ಲಿ ಬರೆದಿರಲಿ.